ಕುರ್ವೆಗಳ ಮೇಲೆ ನಗರ ಕಟ್ಟುತ್ತಿರುವ ತಂಗಿಗೆ

ಕುಮಟಾ

ಪ್ರೀತಿಯ ತಂಗಿ,

ಶಿರಸಿಯಿಂದ ನೀನು ಕಳಿಸಿದ ಕಾದಂಬರಿಯ ಹಸ್ತಪ್ರತಿ ಕೈಸೇರಿ ಮೂರು ವಾರವಾಯಿತು. ಎರಡು ಸಲ ಓದಿದ್ದೇನೆ. ಮೊದಲ ಸಲ ಕತೆಗಾಗಿ ಓದಿದೆ, ಎರಡನೆಯ ಸಲ ಪೆನ್ಸಿಲ್ ಹಿಡಿದು ಓದಿದೆ. ಪತ್ರದ ಮೊದಲ ಸಾಲಿನಲ್ಲೇ ನೀನು ನನ್ನನ್ನು ‘ಅಕ್ಕಾ’ ಎಂದು ಕರೆದಿರುವುದರಿಂದ, ಆ ಸಲುಗೆಯಲ್ಲಿ ಅನಿಸಿದ್ದನ್ನೆಲ್ಲ ಮುಚ್ಚಿಡದೆ ಬರೆಯುತ್ತಿದ್ದೇನೆ. ಕತ್ತಲಲ್ಲಿ ಹುಟ್ಟಿನ ಸದ್ದು ಕೇಳಿಯೇ ಇದು ಯಾರ ದೋಣಿ ಎಂದು ಹುಡುಗನೊಬ್ಬ ಗುರುತಿಸುವ ಐದನೆಯ ಅಧ್ಯಾಯವನ್ನು ಓದಿದಾಗ ನನಗೆ ನಿನ್ನ ಮೇಲೆ ಭರವಸೆ ಹುಟ್ಟಿತು. ಆ ನಾಲ್ಕು ಪುಟಗಳಲ್ಲಿ ಒಂದು ಪದವನ್ನೂ ಮುಟ್ಟಬೇಡ.

ಉಳಿದ ಅಧ್ಯಾಯಗಳ ತೊಡಕು ಬೇರೆ. ಲಗೂನಿನ ನಡುವೆ, ಹತ್ತಾರು ದ್ವೀಪಗಳ ಮೇಲೆ ಹರಡಿರುವ ನಿನ್ನ ನಗರವನ್ನು ಮೊದಲ ಇಪ್ಪತ್ತು ಪುಟಗಳ ಉದ್ದಕ್ಕೂ ನೀನು ಆಕಾಶದಿಂದ ನೋಡುತ್ತೀಯ. ಗೋಪುರಗಳು, ಸೇತುವೆಗಳು, ಬಿಳಿಯ ಗೋಡೆಗಳು, ಬಾವುಟಗಳು ಎಲ್ಲವೂ ಕಾಣುತ್ತವೆ, ಆದರೆ ನೀರು ಮಾತ್ರ ಘಟ್ಟದ ಮೇಲಿನ ಕೆರೆಯ ಹಾಗೆ ಒಂದೇ ಮಟ್ಟದಲ್ಲಿ ನಿಂತಿದೆ. ಅಂಥ ನಗರದಲ್ಲಿ ಹುಟ್ಟಿದವರ ಕಣ್ಣು ನೀರಿನಿಂದ ಒಂದು ಮೊಳ ಮೇಲೆ, ದೋಣಿಯ ಅಂಚಿನಲ್ಲಿ ಇರುತ್ತದೆ. ಬೆಳಿಗ್ಗೆ ಎದ್ದವರು ಮೊದಲು ನೋಡುವುದು ಮನೆಯ ಮೆಟ್ಟಿಲುಗಳಲ್ಲಿ ಎಷ್ಟು ಮುಳುಗಿವೆ ಎಂಬುದನ್ನು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ನೀರೇರುವ ಭರತ, ಎರಡು ಸಲ ಇಳಿತ. ಇಂದಿನ ಭರತಕ್ಕಿಂತ ನಾಳಿನದು ಸುಮಾರು 50 ನಿಮಿಷ ತಡ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ, ಅಷ್ಟಮಿಯ ಹೊತ್ತಿಗೆ ಅದರ ಆಟ ತಗ್ಗುತ್ತದೆ. ನಿನ್ನ ನಗರ ಕಲ್ಪನೆಯದೇ ಆದರೂ ಅದಕ್ಕೊಬ್ಬ ಚಂದ್ರನನ್ನು ನೀನು ಕೊಟ್ಟಿದ್ದೀಯ. ಆದ್ದರಿಂದ ಈ ಲೆಕ್ಕವನ್ನೂ ನೀನು ಕೊಡಲೇಬೇಕು.

ನಾನು ಇದನ್ನು ಕಲಿತದ್ದು ತಪ್ಪು ಮಾಡಿಯೇ. ನನ್ನ ಮೊದಲ ಕತೆಯಲ್ಲಿ ಹುಣ್ಣಿಮೆಯ ಸಂಜೆ, ಚಂದ್ರ ಮೂಡುವ ಹೊತ್ತಿಗೆ, ತುಂಬಿದ ಭರತದಲ್ಲಿ ಮದುಮಗನ ದೋಣಿ ಹೆಣ್ಣಿನ ಮನೆಯ ಮೆಟ್ಟಿಲಿಗೆ ಬಂದು ತಾಗುತ್ತದೆ. ಕತೆ ಪತ್ರಿಕೆಯಲ್ಲಿ ಅಚ್ಚಾಯಿತು, ಹಲವರು ಮೆಚ್ಚಿ ಬರೆದರು. ನಮ್ಮೂರಿನ ತಾರಿ ದೋಣಿ ನಡೆಸುತ್ತಿದ್ದ ಅಜ್ಜನೊಬ್ಬ ಮೊಮ್ಮಗಳಿಂದ ಅದನ್ನು ಓದಿಸಿ ಕೇಳಿ, ಮುಂದಿನ ಸಲ ನಾನು ದೋಣಿ ಹತ್ತಿದಾಗ, “ಮಗಾ, ಆ ಹೊತ್ತಿಗೆ ಅಲ್ಲಿ ನೀರೆಲ್ಲಿತ್ತು?” ಎಂದು ಮೆಲ್ಲಗೆ ಕೇಳಿದ. ಹುಣ್ಣಿಮೆಯ ಚಂದ್ರ ಮೂಡುವಾಗ ನಮ್ಮ ಕಡೆ ನೀರು ಬಹಳ ಕೆಳಗಿರುತ್ತದೆ. ಚಂದ್ರ ನೆತ್ತಿಯ ಹತ್ತಿರ ಬರುವ ಹೊತ್ತಿಗಷ್ಟೇ ಭರತ ತುಂಬುತ್ತದೆ. ನಾನು ಬರೆದ ಮದುಮಗ ನಿಜವಾಗಿಯೂ ಬಂದಿದ್ದರೆ ಮೊಣಕಾಲುದ್ದದ ಕೆಸರಿನಲ್ಲಿ ಪಂಚೆ ಎತ್ತಿ ನಡೆಯಬೇಕಿತ್ತು, ಇಲ್ಲವೇ ನಡುರಾತ್ರಿಯವರೆಗೆ ನದಿಯ ನಡುವೆ ಕಾಯಬೇಕಿತ್ತು. ಆ ಕಾಯುವಿಕೆಯಲ್ಲೇ, ಎರಡೂ ಕಡೆಯ ದೀಪಗಳು ಪರಸ್ಪರ ಕಾಣುತ್ತಿದ್ದರೂ ಯಾರೂ ಯಾರನ್ನೂ ತಲುಪಲಾಗದ ಆ ಐದಾರು ಗಂಟೆಗಳಲ್ಲೇ, ನಿಜವಾದ ಕತೆಯಿತ್ತು ಎಂಬುದು ನನಗೆ ಎಷ್ಟೋ ವರ್ಷಗಳ ಮೇಲೆ ಹೊಳೆಯಿತು.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ನಿನ್ನ ನಗರದ ಜನ ಕುಡಿಯುವ ನೀರು ಎಲ್ಲಿಂದ ಬರುತ್ತದೆ? ಇನ್ನೂರು ಪುಟಗಳಲ್ಲಿ ಇದಕ್ಕೆ ಉತ್ತರವಿಲ್ಲ. ಯುದ್ಧ, ಪಟ್ಟಾಭಿಷೇಕ, ನೌಕಾಪಡೆಯ ಮೆರವಣಿಗೆ ಎಲ್ಲ ನಡೆಯುತ್ತವೆ, ಯಾರಿಗೂ ಬಾಯಾರುವುದಿಲ್ಲ.

ನಾನು ಬೆಳೆದದ್ದು ಅಘನಾಶಿನಿ ನದಿಯ ಒಂದು ಕುರ್ವೆಯಲ್ಲಿ, ಅಂದರೆ ನದಿಯ ನಡುವಿನ ದ್ವೀಪದಲ್ಲಿ. ಮಳೆಗಾಲದಲ್ಲಿ ಘಟ್ಟದಿಂದ ಇಳಿದು ಬರುವ ನೀರಿಗೆ ನದಿಯೆಲ್ಲ ಸಿಹಿಯಾಗುತ್ತಿತ್ತು. ಹೋಳಿ ಹುಣ್ಣಿಮೆ ಕಳೆದ ಮೇಲೆ ಉಪ್ಪು ಒಳಗೊಳಗೆ ಏರಿ ಬಂದು ನಮ್ಮ ಬಾವಿಗೂ ಸೇರುತ್ತಿತ್ತು. ಒಂದು ಬೆಳಿಗ್ಗೆ ಚಹಾಕ್ಕೆ ಹಾಕಿದ ಹಾಲು ಒಡೆಯುತ್ತಿತ್ತು, ಆಯಿ ಪಾತ್ರೆಯನ್ನು ನೋಡಿ ಏನೂ ಹೇಳದೆ ಕೊಡಗಳನ್ನು ಹೊರಗಿಡುತ್ತಿದ್ದಳು. ಅಲ್ಲಿಂದ ಮಳೆ ಬೀಳುವವರೆಗೆ ಆಚೆ ದಡದ ಗುಡ್ಡದ ಬುಡದಲ್ಲಿದ್ದ ಬಾವಿಯಿಂದ ಪಾತಿ ದೋಣಿಯಲ್ಲಿ ನೀರು ತರಬೇಕಾಗಿತ್ತು. ದೋಣಿಗೆ ಹನ್ನೆರಡು ಕೊಡ. ಬಾಯಿಗೆ ಬಾಳೆಲೆ ಇಟ್ಟು ಬಾಳೆನಾರಿನಿಂದ ಬಿಗಿಯುತ್ತಿದ್ದೆವು. ಭರತದಲ್ಲಿ ಹೋಗಿ ಭರತ ಮುಗಿಯುವುದರೊಳಗೆ ಮರಳಿದರೆ ದೋಣಿ ಮೆಟ್ಟಿಲಿಗೇ ಬರುತ್ತಿತ್ತು. ಬಾವಿಯ ಬಳಿ ಸಾಲು ಉದ್ದವಾಗಿ ತಡವಾದರೆ, ಮನೆಯಿಂದ ಮೂವತ್ತು ಮಾರು ದೂರದಲ್ಲೇ ದೋಣಿ ಕೆಸರಿನಲ್ಲಿ ಕೂತುಬಿಡುತ್ತಿತ್ತು. ಆಗ ಒಂದೊಂದೇ ಕೊಡವನ್ನು ತಲೆಯ ಮೇಲಿಟ್ಟು, ಬಳಚು ಎಂಬ ಚಿಪ್ಪುಜೀವಿಯ ಚಿಪ್ಪು ಅಂಗಾಲು ಕೊಯ್ಯುವ ಆ ಕೆಸರಿನಲ್ಲಿ ನಡೆಯಬೇಕು. ಹತ್ತು ವರ್ಷದವಳಿದ್ದಾಗ ನಾನೊಮ್ಮೆ ಜಾರಿ ಒಂದು ಕೊಡ ಚೆಲ್ಲಿದೆ. ಆಯಿ ಬೈಯಲಿಲ್ಲ. ಆ ರಾತ್ರಿ ಮನೆಯಲ್ಲಿ ಅನ್ನವಾಯಿತು, ಸಾರಾಗಲಿಲ್ಲ. ಅಡುಗೆಮನೆಯ ಬಾಗಿಲಿನ ಹಿಂದೆ ಯಾವ ಮನೆಗೆ ಎಷ್ಟು ಕೊಡ ಕಡ ಕೊಟ್ಟಿದ್ದೇವೆ ಎಂದು ಇದ್ದಲಿನ ಗೀಟುಗಳಿದ್ದವು. ಊರಿನ ಎಲ್ಲ ಮುನಿಸುಗಳೂ, ಸಂಬಂಧಗಳೂ ಆ ಗೀಟುಗಳಲ್ಲಿದ್ದವು ಎಂದರೆ ಅದು ಹೆಚ್ಚಿನ ಮಾತಲ್ಲ.

ಒಂದು ಕುರ್ವೆಯ ಮಟ್ಟಿಗೆ ಹೀಗಾದರೆ ಒಂದು ಮಹಾನಗರದ ಮಟ್ಟಿಗೆ ಹೇಗಿರಬಹುದು ಎಂದು ಯೋಚಿಸು. ನೂರಕ್ಕೂ ಹೆಚ್ಚು ಪುಟ್ಟ ದ್ವೀಪಗಳ ಮೇಲೆ ನಿಂತ ವೆನಿಸ್ ನಗರ ಶತಮಾನಗಳ ಕಾಲ ಮಳೆನೀರನ್ನೇ ಕುಡಿದು ಬದುಕಿತು. ಅಲ್ಲಿನ ಚೌಕಗಳ ನೆಲದಡಿಯಲ್ಲಿ ಜೇಡಿಮಣ್ಣಿನ ಒಳಮೈಯಿರುವ ದೊಡ್ಡ ಗುಂಡಿಗಳನ್ನು ತೋಡಿ, ಮರಳು ತುಂಬಿ, ಚೌಕದ ಮೇಲೆ ಬಿದ್ದ ಮಳೆ ಆ ಮರಳಿನಲ್ಲಿ ಸೋಸಿ ನಡುವಿನ ಬಾವಿಗೆ ಇಳಿಯುವಂತೆ ಮಾಡಿದ್ದರು. ಅದೂ ಸಾಲದಾದಾಗ ನದಿಯ ನೀರನ್ನು ದೋಣಿಗಳಲ್ಲಿ ತಂದು ಮಾರುವವರ ಒಂದು ಕಸುಬೇ ಬೆಳೆದಿತ್ತು; ಕೊಳವೆಯ ನೀರು ಅಲ್ಲಿಗೆ ಬಂದದ್ದು 1884ರಲ್ಲಿ. ಮೆಕ್ಸಿಕೋದ ಸರೋವರದ ನಡುವೆ ಅಸ್ಟೆಕರು ಕಟ್ಟಿದ ತೆನೊಚ್ತಿತ್ಲಾನ್ ನಗರಕ್ಕೆ ದಡದ ಗುಡ್ಡದಿಂದ ಕಾಲುವೆಯಲ್ಲಿ ಸಿಹಿನೀರು ಬರುತ್ತಿತ್ತು. 1521ರಲ್ಲಿ ಮುತ್ತಿಗೆ ಹಾಕಿದ ಸ್ಪೇನಿನವರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು ಆ ಕಾಲುವೆಯನ್ನು ಒಡೆದದ್ದು. ನಿನ್ನ ಎಂಟನೆಯ ಅಧ್ಯಾಯದ ಶತ್ರುಗಳು ಕೋಟೆಯ ಗೋಡೆಗೆ ಫಿರಂಗಿ ಹಾರಿಸುತ್ತ ಹನ್ನೊಂದು ದಿನ ಕಳೆಯುತ್ತಾರೆ. ನೀರಿನ ನಗರವನ್ನು ಬಲ್ಲ ಶತ್ರು ಹಾಗೆ ಮಾಡಲಾರ.

ಅಧಿಕಾರದ ಬಗೆಗೂ ಇದೇ ಮಾತು. ನೀನು ಐದು ಮನೆತನಗಳನ್ನು ಸೃಷ್ಟಿಸಿ, ಅವು ಸಿಂಹಾಸನಕ್ಕಾಗಿ ಜಗಳವಾಡುವಂತೆ ಮಾಡಿದ್ದೀಯ. ಹಿಂದೊಮ್ಮೆ ಯಾರೋ ಯಾರನ್ನೋ ಅವಮಾನಿಸಿದರು ಎಂಬುದು ಆ ಜಗಳದ ಮೂಲ. ಒಮ್ಮೆ ನಮ್ಮ ಗಜನಿ ಗದ್ದೆಗಳ ಕಡೆ ಬಂದು ನೋಡು. ನದಿಯ ಅಂಚಿಗೆ ಒಡ್ಡು ಕಟ್ಟಿ, ತೂಬಿನ ಹಲಗೆಯಿಂದ ಉಪ್ಪುನೀರನ್ನು ತಡೆದು, ಮಳೆ ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಉಪ್ಪು ತಾಳುವ ಕಗ್ಗ ಭತ್ತವನ್ನು ಬೆಳೆಯುತ್ತಾರೆ. ಕೊಯ್ಲಾದ ಮೇಲೆ ಹಲಗೆ ತೆಗೆದು ಭರತವನ್ನು ಒಳಗೆ ಬಿಟ್ಟುಕೊಂಡು ಶೆಟ್ಲಿ (ಸಿಗಡಿ), ಮೀನು ಹಿಡಿಯುತ್ತಾರೆ. ಶೆಟ್ಲಿಗೆ ಬೆಲೆ ಏರಿದ ಮೇಲೆ, ಹಲಗೆ ಯಾವಾಗ ಮುಚ್ಚಬೇಕು, ಯಾವಾಗ ತೆಗೆಯಬೇಕು ಎಂಬುದೇ ಊರಿನ ದೊಡ್ಡ ಪ್ರಶ್ನೆಯಾಯಿತು. ಭತ್ತದವನಿಗೆ ಉಪ್ಪು ಹೊರಗಿರಬೇಕು, ಶೆಟ್ಲಿಯವನಿಗೆ ಒಳಗಿರಬೇಕು, ಹಲಗೆ ಒಂದೇ. ಇಬ್ಬರದ್ದೂ ಹೊಟ್ಟೆಪಾಡು, ಇಬ್ಬರ ಮಾತಿನಲ್ಲೂ ನ್ಯಾಯವಿದೆ. ನಿನ್ನ ಐದು ಮನೆತನಗಳಲ್ಲಿ ಎರಡನ್ನು ಬಿಟ್ಟು ಉಳಿದವನ್ನು ಕೈಬಿಡು, ಆ ಎರಡರ ನಡುವೆ ಒಂದು ತೂಬನ್ನು ಇಡು.

ಅಂಥ ನಗರಕ್ಕೆ ನದಿಯೂ ಬೇಕು, ನದಿಯ ಭಯವೂ ಇರಬೇಕು. ನದಿ ತರುವ ಹೂಳು ಲಗೂನನ್ನು ಮೆಲ್ಲಗೆ ನೆಲವಾಗಿಸುತ್ತದೆ, ಕಡಲು ಅದನ್ನು ಮೆಲ್ಲಗೆ ತಿನ್ನುತ್ತದೆ. ವೆನಿಸ್ಸಿನವರು ನೀರಿನ ಮೇಲ್ವಿಚಾರಣೆಗೆಂದೇ 1501ರಲ್ಲಿ ಒಂದು ಅಧಿಕಾರಮಂಡಲ ನೇಮಿಸಿ, ಹೂಳಿನ ಹೆದರಿಕೆಯಿಂದ ಬ್ರೆಂಟಾ, ಪಿಯಾವೆಯಂಥ ನದಿಗಳ ಪಾತ್ರವನ್ನೇ ತಿರುಗಿಸಿದರು. ಈಗಿನವರ ಹೆದರಿಕೆ ಕಡಲಿನದು. 1966ರ ನವೆಂಬರ್ 4ರಂದು ಅಲ್ಲಿ ನೀರು 194 ಸೆಂಟಿಮೀಟರ್ ಏರಿತು. ಲಗೂನಿನ ಮೂರು ಬಾಯಿಗಳಿಗೆ ಅಡ್ಡಲಾಗಿ ಕೂರಿಸಿದ, ಬೇಕಾದಾಗ ಮೇಲೇಳುವ 78 ಕದಗಳು ಮೊದಲ ಬಾರಿಗೆ ಭರತವನ್ನು ತಡೆದದ್ದು 2020ರ ಅಕ್ಟೋಬರ್ 3ರಂದು. ನಿನ್ನ ನಗರಕ್ಕೆ ಎಷ್ಟು ಅಳಿವೆಗಳಿವೆ? ನಕ್ಷೆಯಲ್ಲಿ ಲಗೂನ್ ಸುತ್ತಲೂ ಮುಚ್ಚಿಕೊಂಡಿದೆ, ಹಡಗುಗಳು ಒಳಗೆ ಹೇಗೆ ಬರುತ್ತವೆ ಎಂದು ನಾನು ಬಹಳ ಹೊತ್ತು ಹುಡುಕಿದೆ. ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವಲ್ಲಿ ಮರಳದಿಬ್ಬ ಜಾಗ ಬದಲಿಸುತ್ತಲೇ ಇರುತ್ತದೆ. ಅಲ್ಲಿ ದೋಣಿ ನಡೆಸುವವನಿಗೆ ಹೋದ ವರ್ಷದ ದಾರಿ ಈ ವರ್ಷದ ದಾರಿಯಲ್ಲ. ಅಳಿವೆಯ ಇಂದಿನ ದಾರಿ ಗೊತ್ತಿರುವವನು ನಿನ್ನ ನಗರದಲ್ಲಿ ಮಂತ್ರಿಗಿಂತ ದೊಡ್ಡವನು. ಮಳೆಗಾಲದ ಬಗ್ಗೆಯೂ ಯೋಚಿಸು. ನಮ್ಮಲ್ಲಿ ಈಗಲೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ನಿನ್ನ ವರ್ತಕರು ವರ್ಷದ ಹನ್ನೆರಡೂ ತಿಂಗಳು ಹಾಯಿ ಬಿಚ್ಚುತ್ತಾರೆ.

ಮಂತ್ರದಿಂದ ತೇಲುವ ಅಡಿಪಾಯದ ಕಲ್ಲುಗಳು ನನಗೆ ಒಪ್ಪಿಗೆಯಾಗಲಿಲ್ಲ. ಕೆಸರಿನಲ್ಲಿ ಒತ್ತೊತ್ತಾಗಿ ಹುಗಿದ ಮರದ ಗೂಟಗಳು, ಗಾಳಿ ತಾಗದ ಕಾರಣ, ನೂರಾರು ವರ್ಷ ಕೊಳೆಯದೆ ಕಲ್ಲಿನ ಮನೆಗಳನ್ನು ಹೊತ್ತು ನಿಲ್ಲುತ್ತವೆ ಎಂಬುದಕ್ಕಿಂತ ದೊಡ್ಡ ಮಂತ್ರ ಯಾವುದಿದೆ? ಆದರೆ ಆ ಮರ ಯಾವುದೋ ಗುಡ್ಡದ ಕಾಡಿನಿಂದ ಬಂದಿರಬೇಕು, ಅಲ್ಲಿ ಅದನ್ನು ಕಡಿದವರು ಕಡಲನ್ನೇ ಕಂಡಿರದವರಾಗಿರಬಹುದು. ಶಿರಸಿಯ ಕಾಡಿನ ನಡುವೆ ಬೆಳೆದ ನಿನಗೆ ಆ ಅಧ್ಯಾಯ ನನಗಿಂತ ಚೆನ್ನಾಗಿ ಬರೆಯಲು ಬರುತ್ತದೆ. ಗೋಡೆಯ ಸುಣ್ಣಕ್ಕಾಗಿ ಎಲ್ಲಿಗೂ ಹೋಗಬೇಕಿಲ್ಲ, ಚಿಪ್ಪು ಸುಟ್ಟರೆ ಸಾಕು.

ಹೆಸರುಗಳ ಬಗ್ಗೆ ಒಂದು ಮಾತು. ದ್ವೀಪಗಳಿಗೆ ನೀನಿಟ್ಟ ಹೆಸರುಗಳನ್ನು ಗಟ್ಟಿಯಾಗಿ ಓದಲು ಹೋಗಿ ನನ್ನ ನಾಲಿಗೆ ತೊಡರಿತು. ಅವು ಯಾವ ಜನರ ಬಾಯಲ್ಲೂ ಸವೆದ ಹೆಸರುಗಳಲ್ಲ. ಮಾವಿನಕುರ್ವೆ, ಐಗಳಕುರ್ವೆ ಎಂಬ ಹೆಸರುಗಳನ್ನು ಒಮ್ಮೆ ಹೇಳಿ ನೋಡು, ಅಲ್ಲಿ ಏನಿತ್ತು, ಯಾರಿದ್ದರು ಎಂಬುದು ಹೆಸರಿನಲ್ಲೇ ಇದೆ. ಲಗೂನ್ ಎಂಬ ಪದ ನಿರೂಪಣೆಯಲ್ಲಿ ಇರಲಿ, ಓದುಗರಿಗೆ ಅದು ಗೊತ್ತಿದೆ; ಆದರೆ ಅದರೊಳಗೆ ಹುಟ್ಟಿದವರು ಅದನ್ನು ಒಳನೀರು ಎನ್ನಬಹುದು, ಆಚೆಯದನ್ನು ಹೊರಕಡಲು ಎನ್ನಬಹುದು. ಕುರ್ವೆ, ಅಳಿವೆ, ದಕ್ಕೆ, ತಾರಿ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಇವೆಲ್ಲ ನಿನ್ನವೇ ಪದಗಳು, ಸಂಕೋಚವಿಲ್ಲದೆ ಬಳಸು. 14ನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಪ್ರವಾಸಿ ಇಬ್ನ್ ಬತೂತ ಆ ಪಟ್ಟಣದಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡೆನೆಂದು ಬರೆದಿದ್ದಾನೆ. ಸುಮಾರು ಏಳು ಶತಮಾನಗಳ ಮೇಲೂ ಆ ಊರು ನನ್ನ ಕಣ್ಣಿಗೆ ಕಟ್ಟುವುದು ಆ ಎರಡು ಸಂಖ್ಯೆಗಳಿಂದ. ನಿನ್ನ ಗೋಪುರಗಳ ಎತ್ತರವನ್ನು ನಾನು ಪುಸ್ತಕ ಮುಚ್ಚುವ ಮೊದಲೇ ಮರೆತಿದ್ದೆ.

ಕೊನೆಯದಾಗಿ, ನಲವತ್ತೊಂದನೆಯ ಪುಟದಲ್ಲಿ ಒಬ್ಬ ಹೆಂಗಸು ಬರುತ್ತಾಳೆ. ರಾಜಕುಮಾರನ ದೋಣಿಗೆ ದಾರಿ ಬಿಡಲೆಂದು ಅವಳು ತನ್ನ ದೋಣಿಯನ್ನು ಗೋಡೆಗೆ ಒತ್ತಿ ನಿಲ್ಲಿಸುತ್ತಾಳೆ, ಅದರಲ್ಲಿ ಕೊಡಗಳಿವೆ ಎಂದಷ್ಟೇ ನೀನು ಬರೆದಿದ್ದೀಯ. ಎರಡು ಸಾಲು, ಮತ್ತೆ ಅವಳು ಕಾಣುವುದಿಲ್ಲ. ಆ ಕೊಡಗಳಲ್ಲಿ ನೀರಲ್ಲದೆ ಬೇರೇನಿದ್ದೀತು? ಹೊಸದಾಗಿ ಬರೆಯುವಾಗ ಅವಳಿಂದ ಆರಂಭಿಸು. ಅವಳು ಯಾವ ದಡದ ಬಾವಿಗೆ ಹೋಗುತ್ತಾಳೆ, ಆ ಬಾವಿ ಯಾರದು, ಒಂದು ಕೊಡಕ್ಕೆ ಏನು ಕೊಡುತ್ತಾರೆ, ರಾಜಕುಮಾರನಿಗೆ ದಾರಿ ಬಿಡಲು ನಿಂತ ಆ ಹೊತ್ತಿನಲ್ಲಿ ಇಳಿತ ಎಷ್ಟು ಕಳೆಯಿತು, ಅಂದು ಅವಳ ದೋಣಿ ಮನೆಯ ಮೆಟ್ಟಿಲಿಗೆ ಮುಟ್ಟಿತೇ ಇಲ್ಲವೇ ಎಂಬುದನ್ನು ಬರೆದು ನನಗೆ ಕಳಿಸು. ಮಳೆ ಹಿಡಿಯುವ ಮೊದಲು ಒಂದು ಅಮಾವಾಸ್ಯೆಗೆ ನೀನೇ ಬಂದರೆ ಇನ್ನೂ ಒಳ್ಳೆಯದು. ಅಘನಾಶಿನಿಯಲ್ಲಿ ತಾರಿ ದಾಟಿಸುತ್ತೇನೆ, ಇಳಿತದಲ್ಲಿ ಕೆಸರಿಗಿಳಿದು ಬಳಚು ಆರಿಸುವ ಹೆಂಗಸರ ಜೊತೆ ಒಂದು ಬೆಳಗು ಕಳೆಯಬಹುದು. ಹಳೆಯ ಚಪ್ಪಲಿ ತಾ.

ಇಂತಿ,
ನಿನ್ನ ಅಕ್ಕ