ಬಿಸಿಲು ಕುಡಿಯುವ ಪ್ಲಾಸ್ಟಿಕ್ ನಂಬಿ ಸೋಲಾರ್ ಟ್ಯಾಂಕ್ ಇಳಿಸಬೇಡಿ

ಮಾನ್ಯ ಸಂಪಾದಕರೇ,

ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಬಿಸಿ ಕೊಡುವ ಪ್ಲಾಸ್ಟಿಕ್ ಬರುತ್ತಿದೆಯಂತೆ, ಇನ್ನು ತಾರಸಿ ಮೇಲೆ ಸೋಲಾರ್ ಯಾಕೆ ಎಂಬ ಮಾತು ದಾವಣಗೆರೆಯಲ್ಲೂ ಕೇಳಿಬರುತ್ತಿದೆ. ವಸ್ತುವೇನೋ ನಿಜ. ಆದರೆ ಸ್ನಾನದ ನೀರಿಗೆ ಅದು ಒದಗುವುದಿಲ್ಲ.

ಅದರ ಜೀವಾಳ ಅಜೋಬೆಂಜೀನ್ ಎಂಬ ಅಣು: ಎರಡು ಬೆಂಜೀನ್ ಉಂಗುರ, ನಡುವೆ ಜೋಡಿ ನೈಟ್ರೋಜನ್. ಸುಮಾರು 365 ನ್ಯಾನೋಮೀಟರಿನ ಅತಿನೇರಳೆ ಬೆಳಕು ಬಿದ್ದರೆ ನೆಟ್ಟಗಿದ್ದ ಅಣು ಬಾಗಿ ನಿಲ್ಲುತ್ತದೆ, ಇಲಿಬೋನಿನ ಸ್ಪ್ರಿಂಗ್ ಎಳೆದು ಕೊಂಡಿ ಹಾಕಿದ ಹಾಗೆ. ನೀಲಿ ಬೆಳಕೋ ಕಾವೋ ತಾಗಿದರೆ ಕೊಂಡಿ ಕಳಚಿ, ಕೂಡಿಟ್ಟದ್ದು ಶಾಖವಾಗಿ ಹೊರಬೀಳುತ್ತದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2016ರಲ್ಲಿ ಇದನ್ನು ಪಾಲಿಮರಿಗೆ, ಅಂದರೆ ಪ್ಲಾಸ್ಟಿಕ್ಕಿನ ಉದ್ದ ಸರಪಳಿ ಅಣುವಿಗೆ, ಪೋಣಿಸಿ ತೆಳು ಫಿಲ್ಮ್ ಮಾಡಿದರು. ಅದು ಸುತ್ತಲಿಗಿಂತ 10 ಡಿಗ್ರಿಯವರೆಗೆ ಬಿಸಿಯೇರಿತು. ಕಾರಿನ ಗಾಜಿನ ಮೇಲೆ ಕಟ್ಟಿದ ಹಿಮ ಸಡಿಲಿಸಲು ಅಷ್ಟು ಸಾಕು. ಜಗಳೂರಲ್ಲಿ ಹಿಮ ಎಲ್ಲಿ?

ಬಕೆಟ್ ಲೆಕ್ಕ ನೋಡಿ. 15 ಲೀಟರ್ ನೀರನ್ನು 25ರಿಂದ 45 ಡಿಗ್ರಿಗೆ ಏರಿಸಲು ಸುಮಾರು 1,260 ಕಿಲೋಜೌಲ್ ಬೇಕು. ಒಂದು ಕಿಲೋ ಅಜೋಬೆಂಜೀನ್ ಹೆಚ್ಚೆಂದರೆ 270 ಹಿಡಿದೀತು. ಅಂದರೆ ಒಂದು ಬಕೆಟ್‌ಗೆ ಹತ್ತಿರಹತ್ತಿರ ಐದು ಕಿಲೋ. ಅದನ್ನು ದಪ್ಪನಾಗಿ ಬಳಿಯುವಂತೆಯೂ ಇಲ್ಲ, ಮೇಲಿನ ಪದರವೇ ಬೆಳಕನ್ನೆಲ್ಲ ನುಂಗಿ ಕೆಳಗಿನದು ಕತ್ತಲಲ್ಲೇ ಉಳಿಯುತ್ತದೆ. ಐದು ಮೈಕ್ರಾನ್ ದಪ್ಪ ಬಳಿದರೆ ಚದರ ಮೀಟರಿಗೆ ಐದಾರು ಗ್ರಾಂ. ಐದು ಕಿಲೋ ಹರಡಲು ಎಂಟು ಹತ್ತು ಗುಂಟೆ ಜಾಗ ಹುಡುಕಬೇಕು! ಮನೆಯ 100 ಲೀಟರ್ ಸೋಲಾರ್ ಟ್ಯಾಂಕ್ ನೀರನ್ನು 60 ಡಿಗ್ರಿಗೆ ಏರಿಸಿದರೆ 14,000 ಕಿಲೋಜೌಲ್ ಮೀರಿ ಹಿಡಿಯುತ್ತದೆ, ನಾಲ್ಕು ಯೂನಿಟ್ ಕರೆಂಟಿನಷ್ಟು. ಮಂಡಕ್ಕಿ ಭಟ್ಟಿಗೂ ಈ ಪ್ಲಾಸ್ಟಿಕ್ಕೇ ಬರಲಿ ಎನ್ನುವವರಿದ್ದಾರೆ. ಮಂಡಕ್ಕಿ ಹುರಿಯುವ ಮರಳು ಕಾಯುವ ಮಟ್ಟದ ಹತ್ತಿರಕ್ಕೂ ಇದು ಹೋಗದು.

ನಮ್ಮ ಕಡೆ ಸೋಲಾರ್ ಕೆಡುವುದು ಬಿಸಿಲು ಸಾಲದೆ ಅಲ್ಲ, ಬೋರ್‌ವೆಲ್ಲಿನ ಗಡಸು ನೀರಿನಿಂದ. ಸಪೂರ ತಾಮ್ರದ ಪೈಪಿನೊಳಗೆ ಬಿಳಿ ಸುಣ್ಣ ಕಟ್ಟಿ ನೀರು ಸುತ್ತುವುದೇ ನಿಲ್ಲುತ್ತದೆ. ಇಂಥ ನೀರಿದ್ದವರು ಗಾಜಿನ ಟ್ಯೂಬಿನದನ್ನೋ ಹೀಟ್ ಎಕ್ಸ್‌ಚೇಂಜರ್ (ಬೋರ್ ನೀರು ಸಪೂರ ಪೈಪಿಗೆ ಹೋಗದೆ, ಬೇರೆ ದ್ರವದಿಂದ ಕಾವು ಪಡೆಯುವ ಏರ್ಪಾಡು) ಇರುವುದನ್ನೋ ಕೇಳಿ ಕೊಳ್ಳಲಿ. ತಾರಸಿಯಿಂದ ಬಚ್ಚಲಿಗೆ ಇಳಿಯುವ ಪೈಪಿಗೆ ಫೋಮ್ ಸುತ್ತಿಸುವುದನ್ನು ಮರೆಯಬಾರದು.

ಈ ಅಜೋಬೆಂಜೀನ್ ಫಿಲ್ಮನ್ನೇ ಪ್ರಾಜೆಕ್ಟ್‌ಗೆ ಆರಿಸಿಕೊಂಡ ವಿದ್ಯಾರ್ಥಿಗಳಿಗೆ ಎರಡು ಮಾತು. ಫಿಲ್ಮನ್ನು ಪಾಲಿಕಾರ್ಬೊನೇಟ್ ಶೀಟಿನಡಿ ಬಿಸಿಲಿಗಿಟ್ಟರೆ ಚಾರ್ಜ್ ಆಗುವುದಿಲ್ಲ, ಅಂದರೆ ಅಣುಗಳು ಬಾಗುವುದಿಲ್ಲ, ಆ ಶೀಟು ಅತಿನೇರಳೆಯನ್ನೇ ತಡೆಯುತ್ತದೆ. ಬಯಲಿಗಿಟ್ಟರೂ ಪೂರ್ತಿ ಆಗದು. ಬಿಸಿಲಿನಲ್ಲಿ ಅತಿನೇರಳೆ ನೂರಕ್ಕೆ ಐದು ಪಾಲಿನ ಆಸುಪಾಸು. ಜೊತೆಗಿರುವ ನೀಲಿ ಬೆಳಕು ಬಾಗಿದ ಅಣುವನ್ನು ಅಲ್ಲೇ ನೆಟ್ಟಗೆ ಮಾಡುತ್ತಿರುತ್ತದೆ. ಏಪ್ರಿಲ್‌ನಲ್ಲಿ ಚಿತ್ರದುರ್ಗದ ತಾರಸಿ ಸಿಮೆಂಟು ಕಾಯುವ ಪರಿ ಗೊತ್ತಲ್ಲ, ಆ ಕಾವೂ ಸೋರಿಕೆಗೆ ಸೇರುತ್ತದೆ. ಆದ್ದರಿಂದ ಕೋಣೆಯೊಳಗೆ, ಅತಿನೇರಳೆ ತಡೆಯುವ ಕನ್ನಡಕ ಹಾಕಿಕೊಂಡು, 365ರ ಎಲ್‌ಇಡಿಯಲ್ಲೇ ಚಾರ್ಜ್ ಮಾಡಿ, ಕತ್ತಲಲ್ಲಿ ತಣ್ಣಗಿಡಿ.

ಹೆಚ್ಚಿನವರು ಎಡವುವುದು ಅಳೆಯುವಾಗ. ನೀಲಿ ಬೆಳಕು ಬಿಟ್ಟೊಡನೆ ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಐದು ಡಿಗ್ರಿ ಏರಿತೆಂದು ಹಿಗ್ಗುತ್ತಾರೆ. ಬೆಳಕು ಬಿದ್ದರೆ ಯಾವ ಬಣ್ಣದ ಹಾಳೆಯೂ ಬಿಸಿಯಾಗುತ್ತದೆ. ಅಷ್ಟೇ ದಪ್ಪದ, ಚಾರ್ಜ್ ಮಾಡದ ಇನ್ನೊಂದು ಫಿಲ್ಮನ್ನು ಪಕ್ಕದಲ್ಲಿಟ್ಟು ಅದೇ ಬೆಳಕು ಬಿಡಿ. ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ ವರದಿಯಲ್ಲಿ ಬರೆಯಿರಿ.

– ಪಾಲಿಮರ್ ವಿಷಯದ ಇಬ್ಬರು ಉಪನ್ಯಾಸಕರು, ದಾವಣಗೆರೆ