ಟುವಾಲಮಿ ಕ್ಯಾಂಪಿಗೆ ಹೊರಡುವ ಮುನ್ನ

ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಟುವಾಲಮಿ ಮೆಡೋಸ್ ಸುಮಾರು 2,600 ಮೀಟರ್ ಎತ್ತರದಲ್ಲಿದೆ. ಜುಲೈನಲ್ಲೂ ರಾತ್ರಿ ಕೊರೆಯುವ ಚಳಿ. ಸ್ಲೀಪಿಂಗ್ ಬ್ಯಾಗ್ ಒಂದೇ ಸಾಲದು, ಕೆಳಗೆ ಪ್ಯಾಡ್ ಹಾಸಿ. ಮೈಯ ಬಿಸಿಯನ್ನೆಲ್ಲ ನೆಲ ಹೀರಿಬಿಡುತ್ತದೆ.

ಅಲ್ಲಿ ನೀರು ಸುಮಾರು 91 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸುತ್ತ ಕೂತರೆ ಗ್ಯಾಸ್ ಖಾಲಿ. 3 ಲೀಟರ್ ಕುಕ್ಕರ್ ತನ್ನಿ, ಇಲ್ಲವೇ ಒಗ್ಗರಣೆ ಅವಲಕ್ಕಿಯಲ್ಲಿ ಮುಗಿಸಿ (ನಮ್ಮ ಮತ ಅವಲಕ್ಕಿಗೇ).

ಕರಡಿ ವಿಷಯ: ಊಟ ಮಾತ್ರವಲ್ಲ, ಟೂತ್‌ಪೇಸ್ಟ್, ಸನ್‌ಸ್ಕ್ರೀನ್, ಮಕ್ಕಳ ವೈಪ್ಸ್, ಖಾಲಿ ಚಿಪ್ಸ್ ಪೊಟ್ಟಣವೂ ಕ್ಯಾಂಪಿನ ಕಬ್ಬಿಣದ ಪೆಟ್ಟಿಗೆಯೊಳಗೇ ಇರಬೇಕು. ಚಿಲಕ ಬಿದ್ದಿದೆಯಾ, ಎಳೆದು ನೋಡಿ. ಕತ್ತಲಾದ ಮೇಲೆ ಕಾರಿನಲ್ಲಿ ತಿಂಡಿ ಇಡುವಂತಿಲ್ಲ. ವಾಸನೆ ಹಿಡಿದರೆ ಕರಡಿ ಬಾಗಿಲನ್ನೇ ಕಿತ್ತುಹಾಕುತ್ತದೆ.

ಕೆಥೀಡ್ರಲ್ ಲೇಕ್ಸ್ ಕೆರೆಗಳ ಚಾರಣಕ್ಕೆ ಬೆಳಗ್ಗೆ 7ಕ್ಕೇ ಹೊರಡೋಣ, ಮಧ್ಯಾಹ್ನ ಗುಡುಗು ಸಿಡಿಲು ಬರಬಹುದು. ತಲಾ 2 ಲೀಟರ್ ನೀರು, ರೈನ್‌ಕೋಟ್, ಸೊಳ್ಳೆ ಕ್ರೀಮ್ ಇರಲಿ.