ದಾಸೋಹದ ಬಾವಿಗೂ ಮುಡಿಕಟ್ಟೆಗೂ ನೆರವು ಕೋರಿ ಭಕ್ತರಲ್ಲಿ ವಿನಂತಿ

ಭಕ್ತ ಮಹಾಶಯರೇ,

ಮೂಡಿಗೆರೆ ತಾಲ್ಲೂಕಿನ ನಮ್ಮ ದೇವಸ್ಥಾನದಲ್ಲಿ ಕಳೆದ ಜಾತ್ರೆ ಮುಗಿದು ತಿಂಗಳು ಕಳೆಯುವಷ್ಟರಲ್ಲಿ ಊರಿನ ಹಲವು ಮನೆಗಳಲ್ಲಿ ಕಾಮಾಲೆ ಕಾಣಿಸಿಕೊಂಡದ್ದು ತಮಗೆ ತಿಳಿದೇ ಇದೆ. ಬಿಸಿಲಿನ ಉಷ್ಣವೆಂದು ಕೆಲವರು, ಜಾತ್ರೆಯ ಎಣ್ಣೆ ತಿಂಡಿಯೆಂದು ಕೆಲವರು ಹೇಳಿದರು. ನೆಲನೆಲ್ಲಿಯ ಮದ್ದೂ ಆಯಿತು. ದಾಸೋಹದ ನೀರಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ, ಆಡಳಿತ ಮಂಡಳಿಯ ನಮಗೂ ಬರಲಿಲ್ಲ.

ಬರದಿರುವುದಕ್ಕೆ ಕಾರಣ ಈ ರೋಗದ ಸ್ವಭಾವದಲ್ಲೇ ಇದೆ. ಕಾಮಾಲೆ ತರುವ ಯಕೃತ್ತಿನ ಸೋಂಕಾದ ಹೆಪಟೈಟಿಸ್‌ನ ‘ಎ’ ವೈರಸ್ ದೇಹ ಸೇರಿದ ಮೇಲೆ ರೋಗ ಕಾಣಿಸಿಕೊಳ್ಳಲು 2ರಿಂದ 7 ವಾರ ಹಿಡಿಯುತ್ತದೆ, ‘ಇ’ಗೆ 2ರಿಂದ 10 ವಾರ. ಅಷ್ಟರಲ್ಲಿ ತೇರು ಮನೆ ಸೇರಿ, ಚಪ್ಪರ ಬಿಚ್ಚಿ, ಎಲ್ಲಿ ಏನು ಕುಡಿದೆವೆಂಬುದೇ ಮರೆತಿರುತ್ತದೆ. ಇವೆರಡೂ ರೋಗಿಯ ಮಲದಿಂದ ನೀರಿಗೆ, ನೀರಿನಿಂದ ಇನ್ನೊಬ್ಬರ ಬಾಯಿಗೆ ದಾಟುತ್ತವೆ. ‘ಎ’ ವೈರಸ್ಸಂತೂ ಕಣ್ಣು ಹಳದಿಯಾಗುವುದಕ್ಕೆ ಮೊದಲಿನ ದಿನಗಳಲ್ಲೇ ಮಲದಲ್ಲಿ ಹೆಚ್ಚಾಗಿ ಹೊರಬೀಳುವುದರಿಂದ, ಗಟ್ಟಿಮುಟ್ಟಾಗಿ ಕಾಣುವ ಬಾಣಸಿಗರ ಕೈಯಿಂದಲೂ ಅದು ಕೋಸಂಬರಿಗೆ ಸೇರಬಹುದು. ‘ಇ’ ಗರ್ಭಿಣಿಯರಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಪ್ರಾಣಕ್ಕೇ ಎರವಾಗುವ ರೋಗ. 1955ರ ಕೊನೆಯಲ್ಲಿ ದೆಹಲಿಯ ಕುಡಿಯುವ ನೀರಿಗೆ ಚರಂಡಿ ನೀರು ಸೇರಿ ಸುಮಾರು 29,000 ಮಂದಿಗೆ ಕಾಮಾಲೆ ಬಂದಿತ್ತು. ಅದು ‘ಇ’ ಎಂಬುದು ತಿಳಿದದ್ದು ದಶಕಗಳ ನಂತರ.

ನಮ್ಮ ಬಾವಿಯ ನೀರನ್ನು ಪರೀಕ್ಷೆಗೆ ಕಳುಹಿಸಿದಾಗ ಅದರಲ್ಲಿ ಮಲದ ಬ್ಯಾಕ್ಟೀರಿಯಾ ಇರುವುದು ಗೊತ್ತಾಯಿತು. ಯಾತ್ರಿಕರ ಶೌಚಾಲಯದ ಗುಂಡಿ ಬಾವಿಯಿಂದ ಮೇಲ್ಗಡೆಗೇ ಇದೆ. ಅಲ್ಲಿ ತೋಡಿಸಿದವರು ನಾವೇ. ಜಾಗ ಸಮತಟ್ಟಾಗಿದೆ ಎಂಬುದನ್ನಷ್ಟೇ ನೋಡಿದೆವು, ಮಲೆನಾಡಿನ ಮಳೆಯಲ್ಲಿ ನೀರು ಯಾವ ಕಡೆಗೆ ಇಳಿಯುತ್ತದೆಂದು ಯೋಚಿಸಲಿಲ್ಲ. ಈ ತಪ್ಪನ್ನು ಮುಚ್ಚಿಟ್ಟು ಹಣ ಕೇಳುವುದು ಸರಿಯಲ್ಲವೆಂದು ಇಲ್ಲಿ ಬರೆದಿದ್ದೇವೆ.

ಇನ್ನೊಂದು ವಿಷಯ ಮುಡಿಕಟ್ಟೆಯದು. ಹೆಪಟೈಟಿಸ್ ‘ಬಿ’ ಮತ್ತು ‘ಸಿ’ ನೀರಿನಿಂದ ಬರುವುದಿಲ್ಲ. ರಕ್ತದಿಂದ, ಒಬ್ಬರಿಗೆ ಬಳಸಿದ ಸೂಜಿಯಿಂದ, ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ, ಲೈಂಗಿಕ ಸಂಪರ್ಕದಿಂದ ಹರಡುತ್ತವೆ. ‘ಡಿ’ ಎಂಬುದು ‘ಬಿ’ ಇದ್ದವರಿಗಷ್ಟೇ ಅಂಟುತ್ತದೆ. ‘ಬಿ’ ವೈರಸ್ ದೇಹದ ಹೊರಗೂ ಕನಿಷ್ಠ 7 ದಿನ ಬದುಕಿರಬಲ್ಲದಾದ್ದರಿಂದ, ಒಂದೇ ಕತ್ತಿಯಲ್ಲಿ ಹತ್ತಾರು ತಲೆ ಬೋಳಿಸುವುದು, ಒಂದೇ ಸೂಜಿಯಲ್ಲಿ ಮಕ್ಕಳ ಕಿವಿ ಚುಚ್ಚುವುದು, ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಳ್ಳುವುದು ಅಪಾಯಕರ. ಹಸುಗೂಸಿಗೆ ‘ಬಿ’ ತಗುಲಿದರೆ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಅದು ದೀರ್ಘಕಾಲ ಉಳಿದು ಮುಂದೆ ಯಕೃತ್ತನ್ನು ಕೆಡಿಸಬಲ್ಲದು. ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಹಾಕಿಸಬೇಕೆನ್ನುವುದು ಇದಕ್ಕೇ.

ನಮ್ಮ ಅಡುಗೆಮನೆಯ ಸಹಾಯಕರೊಬ್ಬರಿಗೆ ‘ಬಿ’ ಇದೆಯೆಂದು ತಿಳಿದಾಗ ಅವರನ್ನು ಬಿಡಿಸಬೇಕೆಂದು ಕೆಲವರು ಒತ್ತಾಯಿಸಿದ್ದರು. ಒಂದೇ ಪಂಕ್ತಿಯಲ್ಲಿ ಉಣ್ಣುವುದರಿಂದಾಗಲಿ, ಬಡಿಸುವುದರಿಂದಾಗಲಿ ಅದು ಅಂಟುವುದಿಲ್ಲ. ಅವರು ಕೆಲಸದಲ್ಲಿ ಮುಂದುವರಿದಿದ್ದಾರೆ, ಮುಂದೆಯೂ ಇರುತ್ತಾರೆ.

‘ಬಿ’, ‘ಸಿ’ಗಳ ತಪಾಸಣೆ, ಚಿಕಿತ್ಸೆಗಳು 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಉಚಿತವಾಗಿರುವುದರಿಂದ ಅದಕ್ಕಾಗಿ ತಮ್ಮನ್ನು ಕೇಳುತ್ತಿಲ್ಲ. ಶೌಚಾಲಯದ ಗುಂಡಿಯನ್ನು ಮುಚ್ಚಿಸಿ ಬಾವಿಯಿಂದ ದೂರ, ಇಳಿಜಾರಿನ ಕೆಳಗೆ ಹೊಸದನ್ನು ಕಟ್ಟಿಸಬೇಕು. ಕ್ಲೋರಿನ್ ಹಾಕಲು ಮುಚ್ಚಳವಿರುವ ಟ್ಯಾಂಕ್, ಪಾನಕಕ್ಕೂ ಮಜ್ಜಿಗೆಗೂ ನೀರನ್ನು ಕುದಿಸಿ ಆರಿಸಲು ದೊಡ್ಡ ಹಂಡೆಗಳು, ಊಟದ ಮನೆಯ ಬಾಗಿಲಲ್ಲಿ ಸೋಪಿನ ಸಹಿತ ನಲ್ಲಿಗಳು ಬೇಕು. ಬಟ್ಟೆಯಲ್ಲಿ ಸೋಸಿದ ನೀರು ತಿಳಿಯಾಗುತ್ತದೆಯೇ ಹೊರತು ವೈರಸ್ ಸೋಸಿ ಹೋಗುವುದಿಲ್ಲ. ಮುಡಿಕಟ್ಟೆಯಲ್ಲಿ ತಲೆಗೊಂದು ಹೊಸ ಬ್ಲೇಡು ಕೊಡಲಾಗುವುದು. ಕ್ಷೌರಿಕರಿಗೂ ಸ್ವಚ್ಛತಾ ಕೆಲಸದವರಿಗೂ ‘ಬಿ’ ಲಸಿಕೆಯ ಮೂರು ಡೋಸ್‌ಗಳನ್ನು ಹಾಕಿಸಲಾಗುವುದು.

ತಾವು ಹಣವನ್ನೇ ಕೊಡಬೇಕೆಂದಿಲ್ಲ. ಸಿಮೆಂಟು, ಪೈಪು, ಬ್ಲೇಡಿನ ಪೆಟ್ಟಿಗೆಗಳನ್ನೂ ಸ್ವೀಕರಿಸುತ್ತೇವೆ. ತೋಟದ ಮಾಲೀಕರು ಒಂದೆರಡು ದಿನ ಜೆಸಿಬಿ ಕಳುಹಿಸಿಕೊಟ್ಟರೂ ದೊಡ್ಡ ಉಪಕಾರ. ದೇವಸ್ಥಾನದ ಕಚೇರಿಯಲ್ಲಿ ರಸೀದಿ ಕೇಳಿ ಪಡೆಯಿರಿ. ಖರ್ಚಿನ ಲೆಕ್ಕವನ್ನೂ ನೀರಿನ ಮುಂದಿನ ಪರೀಕ್ಷೆಯ ವರದಿಯನ್ನೂ ಮಹಾದ್ವಾರದ ಫಲಕದಲ್ಲಿ ಹಾಕುತ್ತೇವೆ. ಮುಂಗಾರು ಹಿಡಿದರೆ ಗುಂಡಿ ತೋಡಲಾಗದು, ಆದ್ದರಿಂದ ಆ ಕೆಲಸ ಮೇ ತಿಂಗಳೊಳಗೆ ಮುಗಿಯಬೇಕಿದೆ.

ಇಂತಿ,
ದೇವಸ್ಥಾನದ ಆಡಳಿತ ಮಂಡಳಿ